ಹೆಸರು ಬೇಡ, ಕಂಡದ್ದು ಹೇಳು

ಜಯಲತಾ ಹಟ ಹಿಡಿದಳೆಂದರೆ ಸಂಜೆಯ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಕಂಬಿ ಹಿಡಿದ ಹಾಗೆ. ಹಿಂದಿನಿಂದ ಎಷ್ಟು ಜನ ನೂಕಿದರೂ ಬಿಡುವ ಪೈಕಿ ಅಲ್ಲ. ಗಂಡ ವಸಂತಕುಮಾರನಿಗೆ ಇದು ಮದುವೆಯಾದ ಹೊಸದರಲ್ಲೇ ಅರ್ಥವಾಗಿತ್ತು. ಥಾಣೆಯ ಕೋಪರಿಯಲ್ಲಿ ಸಣ್ಣದೊಂದು ಹೋಟೆಲು ನಡೆಸುವ ಆತ ಗಿರಾಕಿಗಳ ಜತೆ ಬೇಕಾದರೆ ವಾದ ಮಾಡುತ್ತಾನೆ, ಹೆಂಡತಿಯ ಜತೆ ಮಾಡುವುದಿಲ್ಲ. ಹೋಟೆಲಿನ ಸಾಂಬಾರು, ಚಟ್ನಿಗಳ ರುಚಿ ನೋಡಿ ಉಪ್ಪು ಹುಳಿ ಸರಿಮಾಡುವುದು ಜಯಲತಾಳ ಕೆಲಸ. ಉಳಿದ ಹೊತ್ತೆಲ್ಲ ಹಕ್ಕಿಗಳದ್ದು ಮತ್ತು ಅನಸೂಯಕ್ಕನದ್ದು.

ಇಬ್ಬರಿಗೂ ಪರಿಚಯವಾದದ್ದು ಥಾಣೆಯಿಂದ ವಾಶಿಗೆ ಹೋಗುವ ಗಾಡಿಯ ಲೇಡೀಸ್ ಡಬ್ಬಿಯಲ್ಲಿ. ಆಗ ಜಯಲತಾ ಐರೋಳಿಯ ಒಂದು ಶಾಲೆಯ ಆಫೀಸಿನಲ್ಲಿದ್ದಳು. ಮೈಸೂರಿನ ಅನಸೂಯ ವಾಶಿಯ ಒಂದು ವಿಮಾ ಕಚೇರಿಯಲ್ಲಿದ್ದಳು. ಗಾಡಿ ಖಾಡಿಯ, ಎಂದರೆ ಕಡಲಿನ ಹಿನ್ನೀರಿನ, ಸೇತುವೆ ದಾಟುವಾಗ ಬಿಳಿ ತಲೆಯ, ಇಟ್ಟಿಗೆ ಬಣ್ಣದ ಗರುಡವೊಂದು ನೀರಿನ ಮೇಲೆ ಸುತ್ತುತ್ತಿದ್ದರೆ ಜಯಲತಾಳ ಕೈಗಳು ತಾವಾಗಿಯೇ ಜೋಡಿಯಾಗುತ್ತಿದ್ದವು. ಉಡುಪಿ ಕಡೆಯವಳು, ಅಜ್ಜಿಯಿಂದ ಬಂದ ಅಭ್ಯಾಸ. ಎದುರಿಗೆ ಕೂತಿದ್ದ ಅನಸೂಯ ಒಂದು ದಿನ ನಕ್ಕುಬಿಟ್ಟಳು.

"ಕೈ ಮುಗಿದದ್ದು ಸರಿಯಮ್ಮ. ಅದರ ಹಿಂದೆ ಹಾರ್ತಿದ್ದ ಇನ್ನೊಂದನ್ನ ನೋಡಿದ್ರಾ?"

ಜಯಲತಾ ನೋಡಿರಲಿಲ್ಲ. ಮರುದಿನ ನೋಡಿದಳು. ಅಲ್ಲಿಂದ ಶುರುವಾದದ್ದು ಇಬ್ಬರೂ ಕೆಲಸ ಬಿಟ್ಟ ಮೇಲೂ ನಿಲ್ಲಲಿಲ್ಲ. ಭಾನುವಾರ ಬೆಳಗಾದರೆ ಖಾಡಿಯ ದಂಡೆ, ಇಲ್ಲವೇ ಕಲ್ಯಾಣದಾಚೆಯ ಹುಲ್ಲುಗಾವಲು. ದೂರದ ಕೆಸರಿನಲ್ಲಿ ಓಡಾಡುವ ಗುಬ್ಬಿ ಗಾತ್ರದ ಬೂದು ಹಕ್ಕಿಗಳನ್ನು ಒಂದರಿಂದ ಒಂದು ಬೇರ್ಪಡಿಸಿ ಹೆಸರಿಡುವುದರಲ್ಲಿ ಅನಸೂಯಳನ್ನು ಮೀರಿಸಿದವರು ಅವರ ಹಕ್ಕಿ ನೋಡುವವರ ಗುಂಪಿನಲ್ಲಿ ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಅನಸೂಯಳ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಇದು ಪೊರೆಯಲ್ಲ, ಆಪರೇಷನ್ನಿಗೆ ಬಗ್ಗುವ ಜಾತಿಯದ್ದಲ್ಲ ಎಂದರು ಡಾಕ್ಟರು. ಈಗ ಎದುರಿಗಿರುವವರ ಮುಖ ಅವಳಿಗೆ ಕಾಣುವುದಿಲ್ಲ, ಅವರ ಕಿವಿಯೋಲೆ ಕಾಣುತ್ತದೆ. ಏನನ್ನಾದರೂ ನೋಡಬೇಕೆಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಬೇಕು. ದುರ್ಬೀನು ದಂಡ. ಆಕೆ ಭಾನುವಾರಗಳಲ್ಲಿ ಮನೆಯಲ್ಲೇ ಉಳಿದಳು.

ಒಂದು ಬೆಳಿಗ್ಗೆ ಜಯಲತಾ ಡೊಂಬಿವಲಿಯ ಅವಳ ಫ್ಲಾಟಿಗೆ ಹೋಗಿ ಬಾಗಿಲಲ್ಲೇ ನಿಂತಳು.

"ಚಪ್ಪಲಿ ಹಾಕಿ ಅಕ್ಕ. ರಿಕ್ಷಾ ಕಾಯ್ತಾ ಉಂಟು."

"ಕಣ್ಣಿಲ್ಲದೋಳು ಬಂದು ಏನು ಮಾಡ್ಲಿ?"

"ಕಣ್ಣು ನನ್ನತ್ರ ಉಂಟಲ್ಲ. ತಲೆ ನಿಮ್ಮತ್ರ ಉಂಟು. ಇಬ್ಬರೂ ಸೇರಿ ಒಬ್ಬರಾದರೆ ಸಾಕು ಮಾರಾಯ್ರೆ."

ಹಾಗೆ ಹುಟ್ಟಿಕೊಂಡಿತು ಅವರ ಪದ್ಧತಿ. ಜಯಲತಾ ನೋಡಬೇಕು, ಕಂಡದ್ದನ್ನು ಹೇಳಬೇಕು. ಹೆಸರು ಮಾತ್ರ ಬಾಯಿಂದ ಬರಕೂಡದು, ಅದು ಅನಸೂಯಳ ಪಾಲು. ಮೊದಮೊದಲು ನಗೆಪಾಟಲಾಗುತ್ತಿತ್ತು. ಜಯಲತಾಳ ಬಣ್ಣಗಳೆಲ್ಲ ಹೋಟೆಲಿನ ಅಡುಗೆಮನೆಯಿಂದ ಬರುತ್ತಿದ್ದವು. ಒಂದು ಹಕ್ಕಿಯ ಬೆನ್ನು ಸ್ವಲ್ಪ ಸೀದ ಗೋಳಿಬಜೆಯ ಬಣ್ಣ, ಇನ್ನೊಂದರ ಕಾಲು ಉಪ್ಪಿನಕಾಯಿ ರಸದ್ದು. "ಗೋಳಿಬಜೆ ಬಿಡು, ಕಾಗೆಗಿಂತ ದೊಡ್ಡದೋ ಚಿಕ್ಕದೋ ಅದನ್ನ ಹೇಳು," ಎಂದು ಅನಸೂಯ ಗದರುವಳು. ಆಮೇಲೆ ಬಾಲ, ಕೊಕ್ಕು, ರೆಕ್ಕೆ ಹಿಡಿಯುವ ರೀತಿ, ಕೆಸರು ಕೆದಕುವ ರೀತಿ ಒಂದೊಂದಾಗಿ ಕೇಳಿ, ಕಣ್ಣು ಮುಚ್ಚಿ ಕೂತು, ಹೆಸರು ಹೇಳುವಳು. ಸರಿಯಾಗಿರುತ್ತಿತ್ತು. ಮುಖದಲ್ಲಿ ಮತ್ತೆ ಹಳೆಯ ಕಳೆ ಬಂದಿತ್ತು.

ಎಡವಟ್ಟಾದದ್ದು ನವೆಂಬರಿನ ಒಂದು ಸಂಜೆ, ಐರೋಳಿಯ ದಂಡೆಯಲ್ಲಿ. ಮ್ಯಾಂಗ್ರೋವ್ ಗಿಡಗಳ ಮೇಲೆ ಕಂದು ಬಣ್ಣದ ಬೇಟೆಹಕ್ಕಿಯೊಂದು ಬಂತು. ರೆಕ್ಕೆಯಡಿಯಲ್ಲಿ ತಿಳಿ ಮಚ್ಚೆ. ಈ ಕಡೆ ಅಪರೂಪಕ್ಕೆ ಮಾತ್ರ ಬರುವ ಬಝರ್ಡ್ ಎಂಬ ಹಕ್ಕಿಯ ಚಿತ್ರವನ್ನು ಜಯಲತಾ ಆ ವಾರವೆಲ್ಲ ಮೊಬೈಲಿನಲ್ಲಿ ನೋಡಿ ನೋಡಿ ತಲೆತುಂಬ ಅದನ್ನೇ ತುಂಬಿಕೊಂಡಿದ್ದಳು. ಅಕ್ಕನ ಪಾಲಿಗೆ ಒಂದು ಅಪರೂಪದ ಹಕ್ಕಿ ಬರಲಿ ಎಂಬ ಆಸೆ ಬೇರೆ. ಬಾಯಿಂದ ಹೆಸರು ಹೇಳಲಿಲ್ಲ, ನಿಜ. ಆದರೆ ಮನಸ್ಸಿನಲ್ಲಿ ಮೊದಲೇ ಹೆಸರಿಟ್ಟು, ಆ ಹೆಸರಿಗೆ ಹೊಂದುವುದನ್ನೆಲ್ಲ ಹೇಳಿದಳು. ಸಂಜೆಬಿಸಿಲಿಗೆ ಕೆಂಪಾಗಿ ಕಂಡ ಬಾಲವನ್ನು ಕೆಂಪು ಬಾಲ ಎಂದಳು. ಆ ಹಕ್ಕಿ ನೀರಿನಿಂದ ಏನನ್ನೋ ಎತ್ತಿಕೊಂಡು ಹಾರುತ್ತ ಹಾರುತ್ತಲೇ ತಿಂದಿತ್ತು. ಅದೊಂದು ಹೊಂದಲಿಲ್ಲ, ಬಿಟ್ಟಳು.

ಅನಸೂಯ ಬಾಲದ ಬಣ್ಣವನ್ನು ಇನ್ನೊಮ್ಮೆ ಕೇಳಿ, "ನೀನು ಹೇಳೋ ಪ್ರಕಾರ ಬಝರ್ಡೇ ಆಗ್ಬೇಕು," ಎಂದಳು. ಗುಂಪಿನ ವಾಟ್ಸಾಪಿನಲ್ಲಿ ಅನಸೂಯ ಮೇಡಂ ಹೆಸರಿನಲ್ಲಿ ಸುದ್ದಿ ಹೋಯಿತು. ಮರುದಿನವೇ ಯಾರೋ ಅದೇ ಹಕ್ಕಿಯ ಫೋಟೋ ಹಾಕಿದರು. ಅದು ಇನ್ನೂ ಬಣ್ಣ ಬಾರದ, ಮೈಯೆಲ್ಲ ಕಂದಾಗಿರುವ ಮರಿ ಗರುಡ. ಬಿಳಿ ತಲೆ ಬರುವ ಮುಂಚೆ ಗರುಡ ಹೀಗೇ ಇರುತ್ತದೆಂದು ಜಯಲತಾಳಿಗೂ ಗೊತ್ತಿತ್ತು. ಆದರೆ ಕೈ ಮುಗಿದು ಮುಗಿದು ಬೆಳೆದವಳ ಮನಸ್ಸಿನಲ್ಲಿ ಗರುಡವೆಂದರೆ ಬಿಳಿ ತಲೆಯೇ.

ನಗುವ ಮುಖಗಳು, ಕೈ ಮುಗಿದ ಚಿತ್ರಗಳು ಗುಂಪಿನಲ್ಲಿ ಸಾಲಾಗಿ ಬಂದವು. ಯಾರೂ ಕೆಟ್ಟ ಮಾತು ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಗುಂಪಿನ ಮುಂದಾಳು ದಿಲೀಪ ಹೆರೇಕರ ಹುಬ್ಬಳ್ಳಿ ಕಡೆಯವನು, ಕಲ್ಯಾಣದಲ್ಲಿ ಮನೆ. ಜನವರಿಯಲ್ಲಿ ನಡೆಯುವ ಖಾಡಿಯ ಹಕ್ಕಿ ಗಣತಿಗೆ ಯಾರು ಎಲ್ಲಿ ನಿಲ್ಲಬೇಕೆಂದು ಅವನೇ ಗೊತ್ತುಮಾಡುತ್ತಾನೆ. ಅನಸೂಯಳಿಗೆ ಈ ಸಲ ನೆರಳಿನಲ್ಲಿ ಕೂತು ಬಂದವರಿಗೆ ಚಹಾ ಕೊಡಿಸುವ ಕೆಲಸ ಎಂದು ಬರೆದ.

ಅನಸೂಯ ತನ್ನ ಹಳೆಯ ದುರ್ಬೀನನ್ನು ಒರೆಸಿ, ನೋಡಲು ಬಂದ ಜಯಲತಾಳ ಕೈಗಿತ್ತಳು. "ಇಟ್ಕೋ. ನನಗಿನ್ನು ಯಾಕೆ?"

ಜಯಲತಾ ಮನೆಗೆ ಬಂದವಳೇ ದಿಲೀಪನಿಗೆ ಫೋನು ಹಚ್ಚಿದಳು. ನೋಡಿದವಳು ನಾನು, ತಪ್ಪು ಹೇಳಿದವಳು ನಾನು, ಅಕ್ಕನದ್ದು ಎಂತ ತಪ್ಪು ಎಂದು ಕೇಳಿದಳು. ಗುಂಪಿನಲ್ಲೂ ಅದನ್ನೇ ಬರೆದಳು.

"ಅದಕ್ಕಽ ಹೇಳತೇನ್ರಿ ಅಕ್ಕಾರ," ಎಂದ ದಿಲೀಪ. ಒಳ್ಳೆಯವನೇ, ಆದರೆ ಲೆಕ್ಕ ತಪ್ಪಬಾರದೆಂಬುದು ಅವನ ಚಿಂತೆ. "ಒಬ್ಬರಿಗೆ ಕಾಣೂದಿಲ್ಲ, ಇನ್ನೊಬ್ಬರು ಇಲ್ಲದ್ದ ಕಾಣತಾರ. ಇಬ್ಬರ ಮಾತ ಹಿಡದು ನಾ ಏನ ಬರೀಲಿ, ನೀವಽ ಹೇಳ್ರಿ?"

ಮಾತು ನಾಟಿತು, ಯಾಕೆಂದರೆ ಅದು ನಿಜವಾಗಿತ್ತು. ಆದರೂ ಜಯಲತಾ ಹಟ ಬಿಡಲಿಲ್ಲ. "ಒಂದು ಜಾಗ ಕೊಡಿ ನಮಗೆ. ನೀವೇ ಪಕ್ಕದಲ್ಲಿ ನಿಲ್ಲಿ. ತಪ್ಪಿದರೆ ಮುಂದಿನ ವರ್ಷದಿಂದ ಇಬ್ಬರೂ ಚಹಾದ ಹತ್ರವೇ ಕೂರ್ತೇವೆ, ಮತ್ತೆ ಕೇಳುದಿಲ್ಲ."

ದಿಲೀಪ ಒಲ್ಲದ ಮನಸ್ಸಿನಿಂದ ಹೂಂ ಅಂದ.

ಅಂದಿನಿಂದ ಜಯಲತಾ ಬೆಳಗಾದರೆ ಖಾಡಿಯ ದಂಡೆಗೆ ಹಾಜರು. ಹೋಟೆಲಿನ ಸಾಂಬಾರಿಗೆ ಕೆಲವು ದಿನ ಉಪ್ಪು ಹೆಚ್ಚಾಯಿತು, ವಸಂತಕುಮಾರ ತಾನೇ ಗಿರಾಕಿಗಳ ಬಾಯಿ ಮುಚ್ಚಿಸಿದ. ಹದ್ದು, ಮರಿ ಗರುಡ, ಚಳಿಗಾಲಕ್ಕೆ ಉತ್ತರದಿಂದ ಬರುವ ಹ್ಯಾರಿಯರ್ ಎಂಬ ಕೆನೆಬಣ್ಣದ ತಲೆಯ, ಉದ್ದ ಬಾಲದ ಬೇಟೆಹಕ್ಕಿ, ಎಲ್ಲವೂ ದೂರದಿಂದ ಒಂದೇ ಕಂದು. ಆಕೆ ಒಬ್ಬಳೇ ನಿಂತು, ಕಂಡದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ವಾಕಿಂಗಿಗೆ ಬಂದವರು ದಾರಿ ಬಿಟ್ಟು ನಡೆದರು. ಹಾಗೆ ಹೇಳಿಕೊಳ್ಳುತ್ತಿರುವಾಗ ಆಕೆಗೆ ತನ್ನ ನಾಲಗೆಯ ಕಳ್ಳತನ ಸಿಕ್ಕಿಬಿತ್ತು. ಮನಸ್ಸಿಗೆ ಒಂದು ಹೆಸರು ಹೊಳೆದ ತಕ್ಷಣ ಅದಕ್ಕೆ ಅಡ್ಡ ಬರುವ ಗುರುತನ್ನು ನಾಲಗೆ ಮೆಲ್ಲಗೆ ನುಂಗಿಬಿಡುತ್ತಿತ್ತು. ಪದ್ಧತಿಗೆ ಇನ್ನೊಂದು ಕಟ್ಟಳೆ ಬೇಕಿತ್ತು. ಹೇಳಲು ಮನಸ್ಸಿಲ್ಲದ್ದನ್ನು ಮೊದಲು ಹೇಳಬೇಕು.

ಅನಸೂಯಳನ್ನು ಒಪ್ಪಿಸುವುದು ಹಕ್ಕಿ ಗುರುತಿಸುವುದಕ್ಕಿಂತ ಕಷ್ಟವಾಯಿತು.

"ಇನ್ನೊಂದ್ಸಲ ನಗೆಪಾಟಲಾಗೋಕೆ ನಾನು ಬರಲ್ಲ ಕಣೇ," ಎಂದಳು ಆಕೆ, ಗೋಡೆಯ ಕಡೆ ಮುಖ ತಿರುಗಿಸಿ. ಜಯಲತಾಳನ್ನು ಕಣ್ಣಂಚಿನಿಂದ ನೋಡುತ್ತಿದ್ದಳು.

"ನಾನು ಆ ದಿನ ನಿಮಗೆ ಹಕ್ಕಿಯನ್ನು ತೋರಿಸ್ಲಿಲ್ಲ ಅಕ್ಕ. ನನ್ನ ಆಸೆ ತೋರಿಸಿದೆ. ಅದು ಹಾರುತ್ತಲೇ ತಿಂದದ್ದನ್ನು ಹೇಳ್ಲೇ ಇಲ್ಲ."

ಅನಸೂಯ ತಟ್ಟನೆ ತಿರುಗಿದಳು. "ಹಾರ್ತಾ ತಿಂತಾ? ಅಯ್ಯೋ ಪಾಪಿ! ಅದೊಂದು ಹೇಳಿದ್ರೆ ಸಾಕಿತ್ತಲ್ಲೇ!" ಸಿಟ್ಟು ಬಂದಿತ್ತು. ಸಿಟ್ಟಿನ ಜತೆಗೆ ಹಳೆಯ ಅನಸೂಯಳೂ ಬಂದಿದ್ದಳು. ಆಮೇಲೆ ಬೈಯುತ್ತಲೇ ಗಣತಿಗೆ ಯಾವ ಗಾಡಿ ಹಿಡಿಯಬೇಕೆಂದು ಕೇಳಿದಳು.

ಗಣತಿಯ ಬೆಳಿಗ್ಗೆ ಖಾಡಿಯಲ್ಲಿ ನೀರು ಇಳಿದಿತ್ತು. ದೂರದಲ್ಲಿ ರಾಜಹಂಸಗಳು ಗುಲಾಬಿ ಗೆರೆಯಾಗಿ ನಿಂತಿದ್ದವು. ದಿಲೀಪ ದೊಡ್ಡ ದುರ್ಬೀನು ಹಿಡಿದು ಪಕ್ಕದಲ್ಲಿದ್ದ. ಕೆಸರುಹಕ್ಕಿಗಳೆಲ್ಲ ಸರಾಗವಾಗಿ ಸಾಗಿದವು. ಜಯಲತಾ ಹೇಳಿದಳು, ಅನಸೂಯ ಹೆಸರಿಟ್ಟಳು, ದಿಲೀಪ ತಲೆಯಾಡಿಸಿ ಬರೆದುಕೊಂಡ. ಬಿಸಿಲು ಏರಿದಾಗ ಮ್ಯಾಂಗ್ರೋವಿನಾಚೆ ಒಂದು ಕಂದು ಹಕ್ಕಿ ಎದ್ದಿತು. ತಲೆ ತುಸು ಬಿಳಚು.

"ಹ್ಯಾರಿಯರ್," ಎಂದ ದಿಲೀಪ. ಹಾಗಂದು ಬರೆಯಲು ತಲೆ ತಗ್ಗಿಸಿದ.

ಜಯಲತಾಳಿಗೂ ಹಾಗೇ ಕಂಡಿತ್ತು. ಅದು ಹ್ಯಾರಿಯರೇ ಆಗಿಬಿಡಲಿ ದೇವರೇ ಎಂದುಕೊಂಡಳು. ದಿಲೀಪನ ಮಾತಿಗೆ ಹೂಂಗುಟ್ಟಿದರೆ ಮುಗಿಯಿತು, ಅಕ್ಕನ ಜಾಗ ಉಳಿಯುತ್ತದೆ. ಬಿಳಚು ತಲೆ, ಕಂದು ಮೈ ಎಂದರೆ ಅಕ್ಕನೂ ಅದನ್ನೇ ಹೇಳುತ್ತಾಳೆ. ಅಷ್ಟರಲ್ಲಿ ಹಕ್ಕಿ ನೀರಿಗೆ ಇಳಿದು ಎದ್ದಿತು. ಜಯಲತಾ ಅದನ್ನು ನೋಡಿದಳು.

"ಅಕ್ಕ, ಮೊದಲು ಹೇಳ್ಲಿಕ್ಕೆ ಮನಸ್ಸಿಲ್ಲದ್ದನ್ನು ಹೇಳ್ತೇನೆ. ನೀರಿಂದ ಎಂತದೋ ಎತ್ತಿತು. ಕಾಲನ್ನು ಬಾಯಿಯ ಹತ್ರ ತಂದು ಹಾರುತ್ತಲೇ ತಿಂತಾ ಉಂಟು."

ದಿಲೀಪನ ಪೆನ್ನು ನಿಂತಿತು.

"ಬಾಲ?" ಎಂದಳು ಅನಸೂಯ. ಕಣ್ಣು ಮುಚ್ಚಿದ್ದಳು.

"ಉದ್ದ ಇಲ್ಲ. ತುದಿ ದುಂಡಗೆ. ಬಣ್ಣ ಕೆಂಪೋ ಅಲ್ಲವೋ ಗೊತ್ತಾಗುದಿಲ್ಲ, ಬಿಸಿಲುಂಟು."

"ತೇಲುವಾಗ ರೆಕ್ಕೆ ಮೇಲೆತ್ತಿರುತ್ತಾ, ಚಪ್ಪಟೆಯಾ?"

"ಚಪ್ಪಟೆ. ತಲೆ ಬಿಳಚು ಉಂಟು, ಆದ್ರೆ ಕೆನೆಬಣ್ಣ ಅಲ್ಲ."

"ಹ್ಯಾರಿಯರ್ ಹಾರ್ತಾ ಊಟ ಮಾಡಲ್ಲ," ಎಂದಳು ಅನಸೂಯ, ಒಂದು ಚೂರೂ ಅನುಮಾನವಿಲ್ಲದೆ. "ಗರುಡ. ನಮ್ಮ ಮಾನ ಕಳೆದಿತ್ತಲ್ಲ, ಆ ಜಾತಿಯ ಮರಿಯೇ. ಈಗೀಗ ತಲೆಗೆ ಬಿಳಿ ಬರ್ತಿದೆ."

"ಅಕ್ಕಾರ, ನಾ ಕಣ್ಣಾರೆ ನೋಡೇನ್ರಿ..." ಎಂದು ದಿಲೀಪ ಶುರುಮಾಡಿದ. ಮುಂದಿನ ಮಾತು ಬರಲಿಲ್ಲ, ಏಕೆಂದರೆ ಹಕ್ಕಿ ಸುತ್ತು ಹಾಕಿ ಅವರ ಕಡೆಗೇ ಬಂತು. ರೆಕ್ಕೆ ಚಪ್ಪಟೆ, ಬಾಲ ದುಂಡು, ಕಾಲಿನಲ್ಲಿ ಇನ್ನೂ ಅರ್ಧ ಮೀನು. ಅವನು ದುರ್ಬೀನು ಕೆಳಗಿಳಿಸಿ, ಬರೆದದ್ದನ್ನು ಗೀಚಿ ಹೊಡೆದು, ಕಿವಿ ಕೆಂಪಗಾಗಿ ನಕ್ಕ.

"ಗರುಡ ಅಂತ ಬರದೇನ್ರಿ. ಮುಂದಿನ ವರ್ಷ ಈ ಜಾಗಾ ನಿಮ್ಮದಽ. ಚಹಾ ನಾ ಕೊಡತೇನಿ."

ಜಯಲತಾ ಈ ಸಲ ಕಂದು ಹಕ್ಕಿಗೇ ಕೈ ಮುಗಿದಳು. ಮುಗಿದ ಕೈ ಬಿಚ್ಚುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಅಷ್ಟು ದಿನ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಂದ ಹಾಗೆ ಬಂತು.

"ಅಳೋದು ಆಮೇಲೆ," ಅನಸೂಯ ಅವಳ ಮೊಣಕೈ ತಿವಿದಳು. "ರೆಕ್ಕೆ ಸದ್ದು ಕೇಳಿಸ್ತು, ಒಂದು ಹಿಂಡೇ ಬಂದು ಇಳೀತು. ಏನು ಕಾಣ್ತಿದೆ, ಹೇಳು."

ಜಯಲತಾ ದುರ್ಬೀನು ಕಣ್ಣಿಗಿಟ್ಟಳು. ಗಾಜು ಒದ್ದೆಯಾಯಿತು. ಪದ್ಧತಿಯಂತೆ, ಹೇಳಲು ಮನಸ್ಸಿಲ್ಲದ್ದನ್ನೇ ಮೊದಲು ಹೇಳಿದಳು.

"ನನಗೆ ಎಂತದೂ ಕಾಣುದಿಲ್ಲ ಅಕ್ಕ."

"ಸರಿ ಬಿಡು," ಎಂದಳು ಅನಸೂಯ. ಹಿಂಡು ಇಳಿದ ಕಡೆಯಿಂದ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಕಣ್ಣಂಚನ್ನು ಕೆಸರಿನ ಮೇಲೆ ನೆಟ್ಟಳು. "ನೀನು ಒರೆಸ್ಕೊಳ್ಳೋ ತನಕ ನಾನು ನೋಡ್ತಿರ್ತೀನಿ."