ಕೊಡೆ ಬಟ್ಟೆಯ ಮುಸುಕು

ಬ್ರಿಟಿಷರ ಕಾಲದ ಮಾತು. ಮಾದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಅಪ್ಪ ಕಾವಲುಗಾರ. ಅವ್ವ ದೊರೆಯ ಬಂಗಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಂಗಲೆಗೆ ಬಂದಿದ್ದ ಯಾವನೋ ಸೋಲ್ಜರ್ ಬಿಟ್ಟುಹೋದ ಚಿತ್ರದ ಪುಸ್ತಕವನ್ನು ದೊರೆಸಾನಿ ಒಲೆ ಹೊತ್ತಿಸಲೆಂದು ಅವ್ವನಿಗೆ ಕೊಟ್ಟಿದ್ದಳು. ಅದು ಒಲೆ ಸೇರುವ ಮೊದಲೇ ನಾನೂ ತಂಗಿಯೂ ಕಸಿದುಕೊಂಡೆವು.

ನಮಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ಚಿತ್ರ ನೋಡುವುದಕ್ಕೆ ಅಕ್ಷರ ಯಾಕೆ? ಮುಖಕ್ಕೆ ಕರಿ ಮುಸುಕು ಕಟ್ಟಿದ ಪತ್ತೇದಾರ, ಪಕ್ಕದಲ್ಲಿ ಅಂಥದೇ ಮುಸುಕು ಕಟ್ಟಿದ ಒಬ್ಬ ಪುಟ್ಟ ಜೊತೆಗಾರ. ಕಳ್ಳರು ಹಿಡಿದು ಕಂಬಕ್ಕೆ ಕಟ್ಟಿದರೂ ಆ ಪುಟ್ಟವನ ಮುಸುಕು ಜಾರುತ್ತಿರಲಿಲ್ಲ. ಅದೇ ಅವರ ಕಾನೂನು ಎಂದು ನಾನೇ ತೀರ್ಮಾನಿಸಿದೆ. ಹರಿದ ಕೊಡೆಯ ಬಟ್ಟೆಯಲ್ಲಿ ಎರಡು ಮುಸುಕು ಕತ್ತರಿಸಿದೆ. ದೊಡ್ಡವಳಾದ ನಾನು ಪತ್ತೇದಾರ, ಆರು ವರ್ಷದ ತಂಗಿ ಜೊತೆಗಾತಿ.

"ಯಾರ್ ಕೇಳಿದ್ರೂ ಮುಸುಕು ತೆಗೀಬಾರ್ದು, ಹೆಸ್ರು ಹೇಳ್ಬಾರ್ದು. ಅಪ್ಪ ಕೇಳಿದ್ರೂ ಅಷ್ಟೆ" ಎಂದೆ. ಅವಳು ದೇವರ ಮುಂದೆ ನಿಂತವಳಂತೆ ತಲೆಯಾಡಿಸಿದಳು.

ಕಾಫಿ ಹಣ್ಣಾಗಿತ್ತು. ಯಾರೋ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದು, ತೊರೆಯ ಬದಿಯ ಗಿಡಗಳಿಂದ ಹಣ್ಣು ಕದ್ದು ಕೊಯ್ದುಕೊಂಡು ಹೋಗುತ್ತಿದ್ದರು. ಪತ್ತೇದಾರರಿಗೆ ಇನ್ನೇನು ಬೇಕು! ಒಂದು ಮಧ್ಯಾಹ್ನ ತಂಗಿಗೆ ಮುಸುಕು ಕಟ್ಟಿ ಆ ಗಿಡಗಳ ಬುಡದಲ್ಲಿ ಕೂರಿಸಿ, ನೀರು ತುಂಬುವ ಕೊಡ ತರಲು ಮನೆ ಕಡೆ ಬಂದೆ.

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಬಾಡಿತ್ತು.

"ನಿಮ್ಮಪ್ಪ ಕೋವಿ ತಗಂಡು ತೊರೆ ಹತ್ರ ಹೋದ್ರು. ಮುಖ ಮುಚ್ಚಿದೋರು ಕಂಡ್ರೆ ಹೊಡೀಬೇಕಂತೆ, ಇಲ್ದಿದ್ರೆ ಕೆಲ್ಸ ಇಲ್ಲ ಅಂದವ್ರೆ ದೊರೆ. ಕಾಲಿಗಷ್ಟೆ ಹೊಡೆಯೋದು, ಜೀವಕ್ಕೇನಾಗಲ್ಲ."

ಕಾಲಿಗಷ್ಟೆ! ಗಂಡಸಿನ ಮೊಣಕಾಲು ಇರುವ ಎತ್ತರಕ್ಕೇ, ಕುಕ್ಕರಗಾಲಲ್ಲಿ ಕೂತ ನನ್ನ ತಂಗಿಯ ಎದೆ. ಕೊಡ ಅಲ್ಲೇ ಬಿಟ್ಟು ಓಡಿದೆ. ಓಡುತ್ತಾ ಕಿವಿ ಮಾತ್ರ ಮುಂದಿತ್ತು: ಈಗ ಕೇಳಿಸುತ್ತದೆ, ಇಗೋ ಈಗ. ಗಿಡಗಳ ಬೇರೊಂದು ಸಾಲಿನಲ್ಲಿ ಹೆಂಗಸರು ಹಣ್ಣು ಕೊಯ್ಯುತ್ತಾ ನಗುತ್ತಿದ್ದರು. ಅವರ ನಗುವಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಇಳಿಜಾರಿನಲ್ಲಿ ಮೊದಲು ಕಂಡದ್ದು ಅಪ್ಪನ ಬೆನ್ನು. ಕೋವಿ ಹೆಗಲಿಗೇರಿತ್ತು. ಎದುರಿನ ಗಿಡ ಅಲುಗುತ್ತಿತ್ತು. ಎಲೆಗಳ ನಡುವೆ ಒಂದು ಕರಿ ಮುಖ.

"ಯಾರ್ಲಾ ಅದು? ಮುಸುಕು ತೆಗಿ! ಹೆಸ್ರು ಹೇಳು, ಇಲ್ಲಾ ಹೊಡೀತೀನಿ!"

ಮುಸುಕು ಅಲ್ಲಾಡಲಿಲ್ಲ. ಉತ್ತರವೂ ಬರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಅವಳು ಅಕ್ಷರಶಃ ಪಾಲಿಸುತ್ತಿದ್ದಳು.

ನಾನು ಅವಳ ಹೆಸರು ಹಿಡಿದು ಕಿರುಚಿದೆ. ಗಂಟಲು ಹರಿಯುವ ಹಾಗೆ ಮತ್ತೆ ಮತ್ತೆ ಕಿರುಚಿದೆ.

ಕೋವಿ ಕೆಳಗಿಳಿಯಿತು. ಅಪ್ಪ ತರಗೆಲೆಯ ಮೇಲೆ ಹಾಗೇ ಕುಸಿದು ಕೂತರು. ಗಿಡದಿಂದ ಹೊರಬಂದ ತಂಗಿ ಅಪ್ಪನ ಕಡೆ ತಿರುಗಿಯೂ ನೋಡದೆ ನನ್ನ ಮುಂದೆ ಬಂದು ನಿಂತಳು.

"ನೀನೇ ಹೇಳ್ಬಿಟ್ಯಲ್ಲಕ್ಕ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮುಸುಕು ಇನ್ನೂ ಮುಖದ ಮೇಲೇ ಇತ್ತು. ಬಿಚ್ಚಲು ಅಪ್ಪ ಕೈ ಹಾಕಿದರು; ಗಂಟು ಇನ್ನಷ್ಟು ಬಿಗಿಯಾಯಿತು. ಕೊನೆಗೆ ನಾನೇ ಬಿಚ್ಚಿದೆ. ಅಪ್ಪ ನಮಗೆ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕೊಯ್ಲು ಮುಗಿಯುವವರೆಗೂ ಅಪ್ಪ ಕಾವಲಿಗೆ ಹೋದರು, ಕೋವಿಯನ್ನೂ ಒಯ್ದರು. ಆದರೆ ತೋಟದ ಒಂದೊಂದು ತಿರುವಿಗೂ ನಿಂತು ತಂಗಿಯ ಹೆಸರು ಹಿಡಿದು ಜೋರಾಗಿ ಕೂಗುತ್ತಿದ್ದರು. ಹೊರಡುವಾಗ ಅವಳು ಮನೆಯಲ್ಲೇ ಗಂಜಿ ಕುಡಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರೂ ಕೂಗುತ್ತಿದ್ದರು. ಆ ದನಿ ಕೇಳಿ ಕಳ್ಳರು ಎಷ್ಟೋ ಸಲ ಆರಾಮವಾಗಿ ಹಣ್ಣು ಹೊತ್ತುಕೊಂಡು ಹೋಗಿರಬೇಕು. ಹೋಗಲಿ. ಉತ್ತರ ಬಾರದೆ, ಅವಳು ಅಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಅಪ್ಪ ಮುಂದಿನ ಹೆಜ್ಜೆ ಇಡುತ್ತಿದ್ದರು.