ನಾನು ತೋರಿಸಬೇಕಾಗಿದ್ದ ಕೆರೆ

ಅವತ್ತು ದೇವದುರ್ಗದಲ್ಲಿ ಹಳೆಯ ಸಹಪಾಠಿಯೊಬ್ಬಳ ಹೊಸ ಮನೆಯ ಪ್ರವೇಶವಿತ್ತು. ನಾನು ರಾಯಚೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ನನ್ನ ಗೆಳತಿ ಮಾನ್ವಿಯಿಂದ ಕಾರಿನಲ್ಲಿ ಬಂದಳು. ಕಾರು ಅವಳದಲ್ಲ, ಎರಡು ವರ್ಷದ ಹಿಂದೆ ಅವಳ ಶಾಲೆಗೆ ವರ್ಗವಾಗಿ ಬಂದ ಮೇಡಂ ಒಬ್ಬರದು. ನಾನು, ಗೆಳತಿ ಇಬ್ಬರೂ ಟೀಚರ್ ಟ್ರೈನಿಂಗ್ ಓದುವಾಗ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು, ಒಂದೇ ಬುತ್ತಿ ಬಿಚ್ಚಿ ಉಂಡವರು. ಈಗ ಆ ಮೇಡಂ ಅವಳಿಗೆ ಅಕ್ಕ; ಫೋನ್ ಮಾಡಿದರೆ ಅವಳ ಬಾಯಲ್ಲಿ ಬರೀ ‘ಅಕ್ಕ ಹಂಗಂದ್ರು, ಅಕ್ಕ ಹಿಂಗಂದ್ರು’. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ದೊಡ್ಡದು ಅನ್ನುತ್ತಾರಲ್ಲ, ಹಾಗೆ.

ಹೋಳಿಗೆ ಊಟ ಮುಗಿಸಿ ಕೈ ತೊಳೆಯುವಾಗ ಗೆಳತಿ ಇದ್ದಕ್ಕಿದ್ದಂತೆ, “ನಿಮ್ಮೂರ ಗುಡ್ಡದ ಕೆರಿಗೆ ಹೋಗೂಣೇನಬೇ? ಹೆಂಗಿದ್ರೂ ಕಾರ್ ಅದ” ಎಂದಳು.

ನನಗೆ ರೆಕ್ಕೆ ಬಂತು. ನನ್ನ ತವರು ಜಾಲಹಳ್ಳಿಯಿಂದ ಇನ್ನೂ ಒಳಗೆ. ಊರ ಹಿಂದಿನ ಕಲ್ಲುಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವೆ, ಬೇಸಿಗೆಯಲ್ಲೂ ಬತ್ತದ ಒಂದು ಕೆರೆ. ಹಾಸ್ಟೆಲ್ಲಿನಲ್ಲಿ ಅವಳಿಗೆ ಅದರ ಕಥೆ ಹೇಳಿ ಹೇಳಿ, “ಒಂದಿನ ನಾನs ಕರಕೊಂಡು ಹೋಗ್ತೀನಿ” ಎಂದಿದ್ದೆ. ಆಮೇಲೆ ಮದುವೆ, ಮಕ್ಕಳು, ನೌಕರಿ. ಇಪ್ಪತ್ತೆರಡು ವರ್ಷ ಆ ಮಾತು ಹಾಗೇ ಉಳಿದಿತ್ತು. ನಾಲ್ಕು ಹೋಳಿಗೆ ಕಟ್ಟಿಸಿಕೊಂಡು ಹೊರಟೆವು.

ಕಾರು ನಡೆಸಿದ್ದು ಮೇಡಂ. ಅವರ ಪಕ್ಕ, ಮುಂದಿನ ಸೀಟಿನಲ್ಲಿ ಗೆಳತಿಯೇ ಕೂತಳು. ಯಾರನ್ನೂ ಕೇಳದೆ ಎದುರಿನ ಖಾನೆ ತೆರೆದು ಸೋಂಪಿನ ಡಬ್ಬಿ ತೆಗೆದಳು. ಒಳಗೆ ಅವಳ ಬಾಚಣಿಗೆ, ತಲೆಪಿನ್ನು ಎಲ್ಲ ಇದ್ದವು. ಇವಳು ಇಲ್ಲಿ ಸಂಸಾರವನ್ನೇ ಹೂಡಿದ್ದಾಳೆ ಎಂದು ನನ್ನ ಹೊಟ್ಟೆ ಉರಿಯಿತು. ಕಿಟಕಿಯಾಚೆ ಹತ್ತಿ ಹೊಲಗಳನ್ನು ನೋಡುತ್ತ, ಮೇಡಂ, ಕಾರು ನಿನ್ನದಾದರೇನು, ಕೆರೆ ನನ್ನದು ಎಂದು ಸಮಾಧಾನ ಮಾಡಿಕೊಂಡೆ.

ದಾರಿ ಮುಗಿದಲ್ಲಿ ಕಾರು ಬಿಟ್ಟು ಹತ್ತತೊಡಗಿದೆವು. ನಾನೇ ಮುಂದೆ. ಇದು ತೋಳ ಕೂರುವ ಕಲ್ಲು, ಇಲ್ಲಿ ನಮ್ಮಪ್ಪ ಜಾರಿ ಬಿದ್ದಿದ್ದ ಎಂದು ಒಂದೇ ಸಮನೆ ಹೇಳುತ್ತ ಹೋದೆ. ಹಿಂದಿನಿಂದ ಮೇಡಂ ಗೆಳತಿಗೆ, “ಬ್ಯಾಗ್ ಕೊಡ್ರಿ ಇಲ್ಲಿ, ಸಾವಕಾಶ ಹತ್ರಿ” ಅನ್ನುತ್ತಿದ್ದರು. ಅಂಗೈ ಅಗಲದ ಬ್ಯಾಗಿಗೆ ಎಷ್ಟು ಒನಪು ಎನಿಸಿತು.

ನೆತ್ತಿ ಮುಟ್ಟಿದೆವು. ಹಸಿರು ನೀರು, ಅಂಚಿಗೆ ಜೊಂಡು, ಗಾಳಿ. ನಾನು ಹೆಮ್ಮೆಯಿಂದ ತಿರುಗಿ ಗೆಳತಿಯ ಮುಖ ನೋಡಿದೆ. ಅವಳು ನಕ್ಕಳು, ಅಷ್ಟೇ.

ಆ ಕೆರೆಯನ್ನು ಮೊದಲ ಸಲ ನೋಡಿದವರು ದಂಡೆಯಲ್ಲಿ ಐದು ಕಲ್ಲು ಸಾಲಾಗಿಟ್ಟು, ಕುಂಕುಮ ಹಚ್ಚಿ, ಗಂಗವ್ವ ಎಂದು ಎಡೆ ಹಿಡಿಯುವುದು ನಮ್ಮೂರ ಪದ್ಧತಿ. ಹಾಸ್ಟೆಲ್ಲಿನಲ್ಲಿ ಇದನ್ನೂ ಗೆಳತಿಗೆ ಹೇಳಿದ್ದೆ. “ಇಬ್ಬರೂ ಐದೈದು ಕಲ್ಲು ಆರಿಸ್ರಿ” ಎಂದು ಹುಕುಂ ಮಾಡಿದೆ. ಇಬ್ಬರೂ ಕದಲಲಿಲ್ಲ. ಮೇಡಂ ಗೆಳತಿಯ ಮುಖ ನೋಡಿದರು.

“ನಮ್ಮವು ಅಲ್ಲೇ ಅದಾವು” ಎಂದಳು ಗೆಳತಿ.

ಅವಳು ತೋರಿಸಿದ ಬಂಡೆಯ ಮರೆಗೆ ಹೋಗಿ ನೋಡಿದೆ. ಐದು ಕಲ್ಲಿನ ಒಂದು ಸಾಲು. ಅದಕ್ಕೆ ಒತ್ತಿ ಐದು ಕಲ್ಲಿನ ಇನ್ನೊಂದು ಸಾಲು. ಕುಂಕುಮ ಮಳೆಗೆ ತೊಳೆದು ಹೋಗಿ ಬರೀ ಕಲೆ ಉಳಿದಿತ್ತು.

“ಹೋದ ವರ್ಷ ಎದಿಯಾಗ ಒಂದು ಗಂಟು ಸಿಕ್ಕಿತ್ತು. ತುಣುಕು ತಗದು ಟೆಸ್ಟಿಗೆ ಕಳಿಸಿದ್ರು. ರಿಪೋರ್ಟ್ ಬರೂತನಕ ಮನ್ಯಾಗ ಕುಂದ್ರಾಕ ಆಗಲಿಲ್ಲ. ಅಕ್ಕ ‘ಎಲ್ಲಿಗರ ಹೋಗೂಣು ನಡೀರಿ’ ಅಂದ್ರು. ನಂಗ ನಿನ್ನ ಕೆರಿ ಒಂದs ನೆನಪಾತು. ಏನೂ ಇಲ್ಲಂತ ಬಂತು ರಿಪೋರ್ಟ್, ಅಂಜಬ್ಯಾಡ.”

ಅಂಜಬೇಕಾಗಿತ್ತು ನಾನು. ಅಂಜಲಿಲ್ಲ, ಹೊಟ್ಟೆಕಿಚ್ಚುಪಟ್ಟೆ. ಜನ ಮಂದಿಯ ಸುಖ ನೋಡಿ ಕರುಬುತ್ತಾರೆ. ನಾನು, ಆ ಗಂಟಿನ ಸುದ್ದಿ ಮೊದಲು ಈ ಹೆಂಗಸಿನ ಕಿವಿಗೆ ಬಿತ್ತಲ್ಲ ಎಂದು ಕರುಬಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

“ನಂಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಅಳತಿದ್ದಿ. ನಾ ನಿನ್ನ ಸಮಾಧಾನ ಮಾಡ್ಕೋತ ಕುಂದ್ರಬೇಕಾಗ್ತಿತ್ತು. ಅವಾಗ ನಂಗ ಅಷ್ಟು ಶಕ್ತಿ ಇರಲಿಲ್ಲಬೇ.”

“ನಾ ಯಾಕ ಅಳಲಿ?” ಎಂದು ಜಗಳಕ್ಕೇ ನಿಂತೆ. ಮಾತು ಮುಗಿಯುವ ಮೊದಲೇ ಅಳು ನುಗ್ಗಿತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ಗೆಳತಿ ಹೋಳಿಗೆಯ ಗಂಟು ಕೆಳಗಿಟ್ಟು, ನನ್ನ ಪಕ್ಕ ಕೂತು ಬೆನ್ನು ಸವರತೊಡಗಿದಳು. “ಸುಮ್ನಿರು, ಸುಮ್ನಿರು. ನಂಗೇನೂ ಆಗಿಲ್ಲ ನೋಡು.”

ಮೇಡಂ ಕೆರೆಗಿಳಿದು ಕರ್ಚೀಫು ತೋಯಿಸಿ ತಂದರು. ನನಗೇ ಇರಬೇಕೆಂದು ಕೈ ಚಾಚಿದೆ. ಅವರು ಅದನ್ನು ಗೆಳತಿಯ ಕತ್ತಿನ ಮೇಲಿಟ್ಟರು. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಗುಡ್ಡ ಹತ್ತಿ ಅವಳಿಗೆ ಅಷ್ಟು ದಣಿವಾಗಿದೆ ಎನ್ನುವುದು ಅಲ್ಲಿಯವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.