ಕಲ್ಲಾರಿಸುತ್ತಿದ್ದ ಮಧುಶ್ರೀ

ಹುಣಸೂರಿನ ಬೇಕರಿಯ ಮೇಲಿನ ನಮ್ಮ ಪುಟ್ಟ ಆಫೀಸಿನಲ್ಲಿ ಮಧುಶ್ರೀಗೆ ನಾವಿಟ್ಟ ಹೆಸರು ‘ಕಲ್ಲಾರಿಸೋ ಅಕ್ಕ’. ತಂಬಾಕಿನ ಸೊಪ್ಪನ್ನು ಒಲೆ ಉರಿಸಿ ಬೇಯಿಸುವ ಮನೆಗಳಾದ ಬ್ಯಾರನ್‌ಗಳಲ್ಲಿ ಕಾವು ನೋಡಿಕೊಳ್ಳುವ ಯಂತ್ರಕ್ಕೆ ಅವಳು ಕೋಡ್ ಬರೆಯುತ್ತಿದ್ದಳು. ಕಾವು ಮಿತಿ ಮೀರಿದರೆ ಯಂತ್ರ ಸೈರನ್ ಕೂಗಬೇಕು, ಇಲ್ಲದಿದ್ದರೆ ಬ್ಯಾರನ್ನೇ ಭಸ್ಮ. ಕೋಡಿಗೆ ಎರಡು ಬ್ರಾಂಚ್, ಅಂದರೆ ಎರಡು ಪ್ರತಿ: ರೈತರ ಯಂತ್ರಗಳಲ್ಲಿ ಓಡುವುದು ಒಂದು, ನಾವು ಆಫೀಸಿನಲ್ಲಿ ಪ್ರಯೋಗ ಮಾಡುವುದು ಇನ್ನೊಂದು. ಪ್ರಯೋಗದ ಬ್ರಾಂಚಿನಿಂದ ಒಂದು ರಿಪೇರಿಯನ್ನು ರೈತರ ಬ್ರಾಂಚಿಗೆ ಒಯ್ಯುವಾಗ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಸಾಲುಸಾಲನ್ನೂ ನೋಡುತ್ತಿದ್ದಳು. ಬೇಡದ್ದು ಒಂದಕ್ಷರ ದಾಟುವಂತಿರಲಿಲ್ಲ. ಕಾಯುವ ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಈ ಸಲದ ಮಳೆಗೆ ಯಂತ್ರಗಳು ಕಾವನ್ನು ತಪ್ಪು ತಪ್ಪಾಗಿ ತೋರಿಸತೊಡಗಿದವು. ಜೊತೆಗಾರ ರಘು ಅದನ್ನು ಸರಿಪಡಿಸಿದ. ಪ್ರಯೋಗದ ಸೈರನ್ನಿಗೆ ಬೇಕರಿಯವರ ಕೂಸು ಬೆಚ್ಚಿ ಅಳುತ್ತದೆಂದು, ಸೈರನ್ ಬಂದ್ ಮಾಡುವ ಒಂದು ಸಾಲನ್ನೂ ಆ ಪುಣ್ಯಾತ್ಮ ಅದೇ ರಿಪೇರಿಯೊಳಗೆ ಸೇರಿಸಿಬಿಟ್ಟಿದ್ದ. ಮೇಲೆ ಬರೆದ ಹೆಸರು ಮಾತ್ರ ‘ಕಾವಿನ ರಿಪೇರಿ’.

ಮಧುಶ್ರೀ ಅದನ್ನು ಒಯ್ಯಲು ಕೂತಾಗಲೇ ಬೆಟ್ಟದಪುರದಿಂದ, ತಂಬಾಕು ಬೆಳೆಯುವ ಅವಳಪ್ಪ ಚಿಕ್ಕಣ್ಣನವರ ಫೋನು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಸೊಪ್ಪೆಲ್ಲಾ ಕಪ್ಪಾಯ್ತಾ ಅದೆ ಕಣವ್ವ. ಬ್ಯಾಗ್ನೆ ಆ ರಿಪೇರಿ ಕಳ್ಸು.”

“ಈಗ್ಲೇ ಕಳಿಸ್ತೀನಿ ಬುಡಪ್ಪ.”

ಅದೊಂದೇ ದಿನ ಅವಳು ಒಳಗೆ ಬಿಚ್ಚಿ ನೋಡಲಿಲ್ಲ. ಹೆಸರು ನೋಡಿ ರಿಪೇರಿಯನ್ನು ಎತ್ತಿದಳು, ಎಲ್ಲರಿಗಿಂತ ಮೊದಲು ಅಪ್ಪನ ಯಂತ್ರಕ್ಕೆ ಕಳಿಸಿದಳು. ಸಂಜೆ ಉಳಿದವರಿಗೂ ಹೋಯಿತು.

ಮರುದಿನ ಮಧ್ಯಾಹ್ನ ಚಿಕ್ಕಣ್ಣನವರ ಬ್ಯಾರನ್ನಿನಲ್ಲಿ ಕಾವು ಏರಿತು. ಸೈರನ್ ಕೂಗಲಿಲ್ಲ. ಸೊಪ್ಪು ಹೊತ್ತಿಕೊಂಡು, ಒಲೆ ಮುಂದೆ ಮಲಗಿದ್ದ ಅವರ ಮೇಲೆ ಸೂರು ಕುಸಿಯಿತು.

“ಒಲೆ ಕಾದು ಕಾದು ನಿದ್ದೆಗೆಟ್ಟಿದ್ರು ಕಣ್ರವ್ವ. ಮಗಳ ಮಿಷಿನ್ ಅದೆ, ಕೂಗುದ್ರೆ ಏಳ್ತೀನಿ ಅಂತ ಮಲಿಕ್ಕಂಡ್ರು,” ಎಂದು ತಾಯಿ ಪುಟ್ಟತಾಯಮ್ಮ ಬಂದವರಿಗೆಲ್ಲ ಹೇಳಿ ಗೋಳಾಡುತ್ತಿದ್ದರು.

ಅಪ್ಪನ ಹೆಣದ ಪಕ್ಕದಲ್ಲೇ ಮಧುಶ್ರೀ ಲ್ಯಾಪ್‌ಟಾಪ್ ತೆರೆದಳು. “ಥೂ, ಎಂಥಾ ಮಗಳಪ್ಪ ಇವ್ಳು,” ಎಂದರು ಜನ. ನನ್ನ ಮೈಯೆಲ್ಲ ಉರಿದುಹೋಯಿತು. ಊರೂರಿನ ಬ್ಯಾರನ್‌ಗಳಲ್ಲಿ ಸೈರನ್ ಸತ್ತು ಕೂತಿದೆ ಎಂದು ಇವರಿಗೇನು ಗೊತ್ತು! ಅವಳು ರಿಪೇರಿಯನ್ನು ಬಿಚ್ಚಿ, ಸೈರನ್ ಬಂದ್ ಮಾಡುತ್ತಿದ್ದ ಆ ಒಂದು ಸಾಲನ್ನು ಕಿತ್ತುಹಾಕಿದಳು, ಉಳಿದದ್ದನ್ನು ಬೆರಳಿಟ್ಟು ಓದಿದಳು, ಎಲ್ಲರಿಗೂ ಕಳಿಸಿದಳು. ಆಮೇಲೆ ಪಕ್ಕದ ಬ್ಯಾರನ್ನಿನ ಅಂಕಯ್ಯನಿಗೆ, ಯಂತ್ರದ ಪರೀಕ್ಷೆ ಗುಂಡಿ ಒತ್ತಿ ನೋಡಲು ಹೇಳಿದಳು.

ಸೈರನ್ ಕೂಗಿತು.

ಪುಟ್ಟತಾಯಮ್ಮ ತಲೆಯೆತ್ತಿದರು. “ನಮ್ದು ಯಾಕವ್ವ ಕೂಗ್ನಿಲ್ಲ?”

“ನಾನೇ ಕಣವ್ವ,” ಎಂದಳು ಮಧುಶ್ರೀ, “ಅದ್ರ ಬಾಯಿ ಮುಚ್ಚಿ ಅಪ್ಪನಿಗೆ ಕಳಿಸಿದ್ದು.”